ಮಂಜುಗಡ್ಡೆ ಒಡೆಯಲೇ ಇಲ್ಲ

ನನ್ನ ಅಜ್ಜಿ ಬದುಕಿದ್ದಾಳೆ. ಈ ವರ್ಷವೂ ನನಗೆ ಅದೇ ಚಿಂತೆ.

ಮಕ್ಕಳಿಗೆ ಕತೆ ಬರೆಯಲು ಕಲಿಸುವ ಬೇಸಿಗೆ ಶಿಬಿರಕ್ಕೆ ಬಂದ ಮೊದಲ ಬೆಳಗ್ಗೆ ದಿನಚರಿಯಲ್ಲಿ ಈ ಸಾಲು ಬರೆದು, ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೇನೋ ಎಂಬಂತೆ ಪುಟಕ್ಕೆ ಕೈ ಅಡ್ಡ ಇಟ್ಟುಕೊಂಡೆ. ಹಿಂದೆ ಯಾರೂ ಇರಲಿಲ್ಲ. ಕಿಟಕಿಯಾಚೆ ಸುಪೀರಿಯರ್ ಸರೋವರವಿತ್ತು. ಅದಕ್ಕೆ ಓದಲು ಬರುವುದಿಲ್ಲ.

ಅಜ್ಜಿ ಬದುಕಿರುವುದು ಸಂತೋಷದ ಸಂಗತಿಯೇ. ಎಂಬತ್ತೊಂದು ವರ್ಷ. ಮಂಡಿ ಎರಡೂ ಹೋಗಿವೆ, ನಾಲಿಗೆ ಮಾತ್ರ ಹಾಗೇ ಇದೆ. ಆದರೆ ಈ ಶಿಬಿರದ ಲೆಕ್ಕದಲ್ಲಿ ಅವಳು ತೀರಿಕೊಂಡು ನಾಲ್ಕು ಬೇಸಿಗೆ ಕಳೆದಿವೆ. ಎರಡು ವಾರದ ಶಿಬಿರ ಮುಗಿಯುವ ದಿನ ಮಕ್ಕಳು ತಂದೆತಾಯಿಗಳ ಮುಂದೆ ತಮ್ಮ ಕತೆ ಓದುತ್ತಾರೆ. ಅದಕ್ಕೂ ಮೊದಲು ಎಲ್ಲರೂ ಎದ್ದು ನಿಂತು ಅವಳ ನೆನಪಿಗೆ ಒಂದು ನಿಮಿಷ ಮೌನ ಆಚರಿಸುತ್ತಾರೆ. ನಾನೂ ತಲೆ ತಗ್ಗಿಸಿ ನಿಲ್ಲುತ್ತೇನೆ. ಅತ್ತ ಅದೇ ಹೊತ್ತಿಗೆ ಅವಳು, ನಾಲ್ಕು ಗಂಟೆ ಕಾರಿನ ದಾರಿಯಾಚೆ, ಇಸ್ಪೀಟಿನಲ್ಲಿ ಯಾರನ್ನೋ ಸೋಲಿಸುತ್ತಿರುತ್ತಾಳೆ.

ಇದು ಹೇಗಾಯಿತೆಂದು ಒಮ್ಮೆಯಾದರೂ ನೆಟ್ಟಗೆ ಬರೆದಿಡಬೇಕು.

ಶಿಬಿರ ನಡೆಸುವ ಕಾಲೇಜಿನಲ್ಲೇ ನಾನು ಎರಡು ವರ್ಷ ಕತೆ ಬರೆಯುವುದನ್ನು ಓದಿದವಳು. ಡೆಸ್ಮಂಡ್ ಫ್ಯಾರರ್ ನಮ್ಮ ಗುರು. ಪೂರ್ವ ಕರಾವಳಿಯ ಕಡೆಯವರು, ಬಿಳಿ ಗಡ್ಡ, ಮೃದು ದನಿ. ಅವರ ತರಗತಿಗೆ ಒಂದೇ ನಿಯಮ. ಹನ್ನೆರಡು ಜನ ಮೇಜಿನ ಸುತ್ತ ಕೂತು ಒಬ್ಬರ ಕತೆಯನ್ನು ಚರ್ಚಿಸುವಾಗ, ಬರೆದವರು ಬಾಯಿ ಬಿಡುವಂತಿಲ್ಲ. ಅಲ್ಲೇ ಕೂತಿದ್ದರೂ ಇಲ್ಲದವರಂತೆ ಇರಬೇಕು. ಉಳಿದವರು ಹೆಸರು ಹಿಡಿಯದೆ ‘ಬರೆದವಳು’ ಎಂದೇ ಮಾತಾಡಬೇಕು. ಎಲ್ಲ ಮುಗಿದ ಮೇಲೆ ಬರೆದವಳು ಹೇಳಬಹುದಾದದ್ದು ಒಂದೇ: ಥ್ಯಾಂಕ್ಸ್.

“ಓದೋನ ಪಕ್ಕ ನಿಂತ್ಕೊಂಡು, ಅಲ್ಲಪ್ಪ ನಾನು ಹೇಳಿದ್ದು ಹಾಗಲ್ಲ ಅಂತ ವಿವರಿಸೋಕೆ ಆಗುತ್ತಾ?” ಎಂದು ಡೆಸ್ಮಂಡ್ ಕೇಳುತ್ತಿದ್ದರು. ನನ್ನಂಥ ಬಾಯಿಲ್ಲದವಳಿಗೆ ಆ ನಿಯಮ ಅಳತೆ ಕೊಟ್ಟು ಹೊಲಿಸಿದಂತಿತ್ತು.

ನಾನು ಅಜ್ಜಿಯ ಬಗ್ಗೆ ಬರೆದಿದ್ದೆ. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿದಾಗ ಅವಳು ಮಂಜುಗಡ್ಡೆಯಲ್ಲಿ ತೂತು ಕೊರೆದು, ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತು ಮೀನು ಹಿಡಿಯುತ್ತಾಳೆ. ಡಾಕ್ಟರು ಬೇಡವೆಂದಿದ್ದಾರೆ. ದಡದಲ್ಲಿ ಮೊಮ್ಮಗಳು ಹೆದರಿ ನಿಂತಿದ್ದಾಳೆ. ಸಂಜೆ ಅಜ್ಜಿ ಎರಡು ಮೀನು ಹಿಡಿದುಕೊಂಡು ಬಂದು, “ಒಲೆ ಯಾಕೆ ಆರಿಹೋಯ್ತು?” ಎಂದು ಬೈಯುತ್ತಾಳೆ. ಅಷ್ಟೇ ಕತೆ.

ಹನ್ನೊಂದು ಜನವೂ ಒಂದೇ ಮಾತು ಹೇಳಿದರು. ಮೊದಲ ಪುಟದಲ್ಲಿ ಮಂಜುಗಡ್ಡೆ ಇದ್ದ ಮೇಲೆ ಕೊನೆಯ ಪುಟದಲ್ಲಿ ಅದು ಒಡೆಯಬೇಕು. “ಬರೆದವಳು ಹೆದರ್ತಿದಾಳೆ,” ಎಂದರು ಡೆಸ್ಮಂಡ್, ನನ್ನ ಮುಖ ನೋಡದೆ. ನಾನು ಥ್ಯಾಂಕ್ಸ್ ಹೇಳಿ ಕೋಣೆಗೆ ಹೋಗಿ, ನಲವತ್ತು ನಿಮಿಷದಲ್ಲಿ ಅವಳ ಕಾಲಡಿಯ ಕಪ್ಪು ಮಂಜುಗಡ್ಡೆ ಒಡೆದು ಅಜ್ಜಿಯನ್ನು ಮುಳುಗಿಸಿದೆ.

ಕತೆಗೆ ಬಹುಮಾನ ಬಂತು. ಅದನ್ನು ತರಗತಿಯಲ್ಲಿ ಹೇಳುವಾಗ ಡೆಸ್ಮಂಡರ ಕಣ್ಣು ಒದ್ದೆಯಾಗಿತ್ತು. “ತನ್ನ ಸ್ವಂತ ಅಜ್ಜಿ ಸಾವನ್ನ ಬರೆಯೋ ಧೈರ್ಯ ಮಾಡಿದಾಳೆ. ಒಂದು ನಿಮಿಷ ಎದ್ದು ನಿಲ್ಲೋಣ,” ಎಂದರು. ಎಲ್ಲರೂ ಎದ್ದರು. ಚರ್ಚೆಯಲ್ಲಿದ್ದದ್ದು ನನ್ನ ಕತೆ, ಹಾಗಾಗಿ ನಿಯಮದ ಪ್ರಕಾರ ನಾನು ಮಾತಾಡುವಂತಿರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಆ ದಿನ ಹೇಳಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಮರುವಾರ ಹೇಳಿದ್ದರೆ ನಾಚಿಕೆಪಡಬೇಕಿತ್ತು. ಈಗ ಹೇಳಿದರೆ ಏನಾಗುತ್ತದೆಂದು ಯೋಚಿಸಲೂ ಹೋಗುವುದಿಲ್ಲ. ಅವತ್ತಿನಿಂದ ನನ್ನ ಕತೆಯ ಮೊದಲ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ, ‘ತಿದ್ದುವ ಧೈರ್ಯ’ ಎಂದು ಹೆಸರಿಟ್ಟು, ಪ್ರತಿ ಬೇಸಿಗೆ ಶಿಬಿರದ ಮಕ್ಕಳಿಗೆ ಮೊದಲ ದಿನವೇ ಹಂಚುತ್ತಾರೆ. ಹಂಚುವ ಕೆಲಸ ನನ್ನದೇ. ನಾನೀಗ ಡೆಸ್ಮಂಡರ ಸಹಾಯಕಿ.

ಈ ಸಲ ಅದನ್ನು ಓದಿ ಕೈ ಎತ್ತಿದವಳು ಟೆಸ್ಸಾ ಪೆಲ್ಕಿ. ಹದಿನೈದು ವರ್ಷ. ನಲವತ್ತು ಮೈಲಿ ಆಚೆಯ ಊರಿನವಳು. ಜುಲೈ ಸೆಖೆಯಲ್ಲೂ ಅಪ್ಪನ ಹಳೇ ಜಾಕೆಟ್ ಬಿಚ್ಚುತ್ತಿರಲಿಲ್ಲ. ಉಳಿದ ಮಕ್ಕಳೆಲ್ಲ ದೊಡ್ಡ ನಗರಗಳಿಂದ ವಿಮಾನ ಹತ್ತಿ ಬಂದವರು.

“ಐಲಿ, ನಿಮ್ಮಜ್ಜಿ ಕಪ್ಪು ಗಡ್ಡೆ ಮೇಲೆ ನಿಂತಿದ್ದಾಗ ಒಡೀತಾ?”

“ಹ್ಞೂಂ... ಹಾಗೇ ಬರ್ದಿದೆ ಅಲ್ವಾ.”

“ನಮ್ಮೂರಲ್ಲಿ ಕಪ್ಪು ಗಡ್ಡೆ ಮೇಲೆ ಟ್ರಕ್ ಓಡಿಸ್ತಾರೆ,” ಎಂದಳು. ಮತ್ತೇನೂ ಕೇಳಲಿಲ್ಲ. ಆದರೆ ನನ್ನನ್ನು ನೋಡುವುದನ್ನು ನಿಲ್ಲಿಸಲೂ ಇಲ್ಲ.

ಎರಡನೇ ವಾರದ ಮಂಗಳವಾರ ಟೆಸ್ಸಾಳ ಕತೆ ಮೇಜಿಗೆ ಬಂತು. ಕಳ್ಳತನಕ್ಕಾಗಿ ಮೂರು ವರ್ಷ ಜೈಲಿನಲ್ಲಿದ್ದ ಅಪ್ಪ ಮನೆಗೆ ಬರುತ್ತಾನೆ. ಊಟ ಮಾಡುತ್ತಾನೆ. ಹಿತ್ತಲಿಗೆ ಹೋಗೋಣವೆಂದು ಬಾಗಿಲವರೆಗೆ ಬಂದು, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಾನೆ. ಮೂರು ವರ್ಷ ಯಾವ ಬಾಗಿಲನ್ನೂ ಅವನು ಕೈಯಾರೆ ತೆರೆದಿಲ್ಲ. ಯಾರೋ ತೆರೆಯುವವರೆಗೆ ಕಾದು ಅಭ್ಯಾಸ. ಮಗಳಿಗೆ ಅರ್ಥವಾಗುತ್ತದೆ. ಅವಳು ಬಾಗಿಲು ತೆರೆದುಕೊಡುವುದಿಲ್ಲ. ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಾಳೆ. ಹನ್ನೊಂದಕ್ಕೆ ಅಪ್ಪ ತಾನೇ ಕೈ ಚಾಚಿ ಚಿಲಕ ತಿರುಗಿಸುತ್ತಾನೆ. ಕತೆ ಮುಗಿಯಿತು.

ಅದನ್ನು ಓದಿದ ರಾತ್ರಿ ನಾನು ದಿನಚರಿಯಲ್ಲಿ ಏನೂ ಬರೆದಿರಲಿಲ್ಲ. ಬರೆಯಲು ನಾಚಿಕೆಯಾಗಿತ್ತು.

ಡೆಸ್ಮಂಡ್ ಎಂದಿನಂತೆ ಶುರುಮಾಡಿದರು. “ನಿಯಮ ಗೊತ್ತಲ್ಲ? ಬರೆದವಳು ಈಗ ಇಲ್ಲಿಲ್ಲ.”

ಟೆಸ್ಸಾ ಎದ್ದಳು. ಕುರ್ಚಿಯನ್ನು ಮೇಜಿನ ಕೆಳಗೆ ಅಚ್ಚುಕಟ್ಟಾಗಿ ತಳ್ಳಿ ಹೊರಗೆ ನಡೆದಳು.

“ಟೆಸ್ಸಾ, ಎಲ್ಲಿಗೆ?”

“ನಾನು ಇಲ್ಲಿಲ್ಲ ಅಂದ್ರಲ್ಲ,” ಎಂದಳು ಬಾಗಿಲಲ್ಲಿ ನಿಂತು. “ಇಲ್ದೇ ಇರೋಳು ಕುರ್ಚಿ ಮೇಲೆ ಕೂತಿದ್ರೆ ದೆವ್ವ ಅಂತಾರೆ.”

ಮಕ್ಕಳು ಕಿಸಕ್ಕೆಂದರು. ಅವಳು ಹೋಗಿ ದೋಣಿ ಕಟ್ಟುವ ಅಟ್ಟಣೆಯ ತುದಿಯಲ್ಲಿ, ಕಿಟಕಿಯಿಂದ ಸರಿಯಾಗಿ ಕಾಣುವ ಜಾಗದಲ್ಲಿ, ನಮಗೆ ಬೆನ್ನು ಹಾಕಿ ಕೂತಳು. ಚರ್ಚೆ ನಡೆದಷ್ಟು ಹೊತ್ತೂ ನೀರಿಗೆ ಕಲ್ಲು ಎಸೆಯುತ್ತಿದ್ದಳು. ಒಂದೊಂದು ಅಭಿಪ್ರಾಯಕ್ಕೂ ಒಂದೊಂದು ಕಲ್ಲು ಬಿದ್ದಂತೆ ನನಗೆ ಕೇಳಿಸುತ್ತಿತ್ತು.

“ಭಾಷೆ ಚೆನ್ನಾಗಿದೆ. ಆದ್ರೆ ಏನೂ ಆಗೋದೇ ಇಲ್ಲ,” ಎಂದ ಪ್ರೆಸ್ಟನ್. ಹದಿನಾರು ವರ್ಷಕ್ಕೇ ಎರಡು ಪತ್ರಿಕೆಗಳಲ್ಲಿ ಅಚ್ಚಾದ ಹುಡುಗ. “ಅಪ್ಪ ಕಳ್ಳ ತಾನೇ? ಅಂದ್ಮೇಲೆ ಮತ್ತೆ ಕದೀಬೇಕು. ಓದೋರಿಗೆ ಅಪಾಯ ಬೇಕು.”

“ಚರ್ಚಿನ ಕಾಫಿ ಡಬ್ಬಿ ಇರುತ್ತಲ್ಲ, ದುಡ್ಡು ಹಾಕೋದು. ಅದನ್ನ ಎತ್ಕೊಂಡ್ರೆ?” ಎಂದ ಇನ್ನೊಬ್ಬ.

“ಮಗಳು ನೋಡ್ಬಿಡ್ತಾಳೆ!”

“ಸೂಪರ್!”

ಡೆಸ್ಮಂಡ್ ಗಡ್ಡ ನೀವಿಕೊಂಡು, “ಬರೆದವಳು ಹೆದರ್ತಿದಾಳೆ,” ಎಂದರು.

ಕಿಟಕಿಯಾಚೆ ಇನ್ನೊಂದು ಕಲ್ಲು ನೀರಿಗೆ ಬಿತ್ತು.

ತರಗತಿ ಮುಗಿದ ಮೇಲೆ ಅವರನ್ನು ಮೆಟ್ಟಿಲ ಬಳಿ ತಡೆದೆ. ನನ್ನ ಮಟ್ಟಿಗೆ ಅದೇ ದೊಡ್ಡ ಗಲಾಟೆ. “ಡೆಸ್ಮಂಡ್, ಆ ಹುಡುಗಿ ಅಪ್ಪ... ನಿಜವಾಗ್ಲೂ ಜೈಲಿಂದ ಬಂದಿರೋದು. ಶುಕ್ರವಾರ ಕೇಳೋಕೆ ಬರ್ತಾರೆ. ಅವರ ಮುಂದೆ ಅದನ್ನ...”

“ಐಲಿ,” ಎಂದು ನನ್ನ ಹೆಗಲು ತಟ್ಟಿದರು. “ನಿಜ ಬೇರೆ, ಕತೆ ಬೇರೆ. ನಿನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಅವಳ ಜೊತೆ ಕೂತ್ಕೋ. ತಿದ್ದಿದ ಪ್ರತಿ ಬಂದ್ರೆ ಮಾತ್ರ ಶಿಬಿರದ ಪುಸ್ತಕಕ್ಕೆ, ಶುಕ್ರವಾರ ಓದೋದಕ್ಕೆ. ಹದಿನೆಂಟು ವರ್ಷದಿಂದ ಇದೇ ಪದ್ಧತಿ.”

ನಿಜ ಬೇರೆ ಕತೆ ಬೇರೆ ಎನ್ನುವ ಮನುಷ್ಯ ನನ್ನ ಕತೆಯಲ್ಲಿ ಸತ್ತವಳಿಗಾಗಿ ವರ್ಷ ವರ್ಷವೂ ಎದ್ದು ನಿಲ್ಲುತ್ತಾರೆ. ಇದನ್ನು ಅವರಿಗೆ ಹೇಳಲಿಲ್ಲ. ದಿನಚರಿಗೆ ಹೇಳಿದೆ. ದಿನಚರಿ ಎಂದಿನಂತೆ ಒಪ್ಪಿಕೊಂಡಿತು.

ಬುಧವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ ಟೆಸ್ಸಾಳ ಎದುರು ಕೂತೆ. ಅವಳು ಕರಿದ ಆಲೂಗಡ್ಡೆಯನ್ನು ಕೆಚಪ್ಪಿಗೆ ಅದ್ದಿ ಅದ್ದಿ ತಿನ್ನುತ್ತಿದ್ದಳು.

“ನಾನು ತಿದ್ದಲ್ಲ,” ಎಂದಳು, ನಾನು ಬಾಯಿ ತೆರೆಯುವ ಮೊದಲೇ.

“ತಿದ್ದದಿದ್ರೆ ಓದೋಕೆ ಬಿಡಲ್ಲ, ಟೆಸ್ಸಾ.”

ಅವಳ ಕೈ ನಿಂತಿತು. “ಯಾವ ಕಾನೂನು ಇದು?”

“ಶಿಬಿರದ್ದು.”

“ಅಪ್ಪ ಹೊಸ ಕೆಲಸದಲ್ಲಿ ಮೊದಲನೇ ರಜಾ ಕೇಳಿದಾನೆ, ಇದಕ್ಕೆ. ಇಸ್ತ್ರಿ ಪೆಟ್ಟಿಗೆ ಎರವಲು ತಂದಿದಾನೆ. ನನ್ನ ಹೆಸರು ಕರೆದಾಗ ಎದ್ದು ಚಪ್ಪಾಳೆ ಹೊಡೀಬಹುದಾ, ಕೂತೇ ಹೊಡೀಬೇಕಾ ಅಂತ ಫೋನಲ್ಲಿ ಕೇಳ್ತಾನೆ.” ಕೈಯಲ್ಲಿದ್ದ ಆಲೂಗಡ್ಡೆಯನ್ನು ಪ್ಲೇಟಿಗೆ ಹಾಕಿ ಕೇಳಿದಳು: “ನಿಮ್ಮ ಕತೆಯ ಎರಡು ಪ್ರತೀಲಿ ನಿಮಗೆ ಯಾವುದು ಇಷ್ಟ? ನಿಜ ಹೇಳಿ.”

ಹೇಳುವುದಕ್ಕೆ ಎರಡೇ ಪದ ಬೇಕಿತ್ತು, ಮೊದಲನೇ ಪ್ರತಿ ಅಂತ. ಅದನ್ನೂ ನುಂಗಿಕೊಂಡು, “ತಿದ್ದಿದ್ರಿಂದ ನನಗೆ ಒಳ್ಳೇದೇ ಆಯ್ತು,” ಎಂದೆ.

ಅವಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಪ್ಲೇಟು ಪಕ್ಕಕ್ಕೆ ಸರಿಸಿ, ಇಪ್ಪತ್ತು ನಿಮಿಷ ತಲೆ ಎತ್ತದೆ ಬರೆದು, ಕಾಗದಗಳನ್ನು ನನ್ನ ಕಡೆ ತಳ್ಳಿದಳು.

“ತಗೊಳ್ಳಿ. ಕದ್ದ. ಚರ್ಚಿನ ಡಬ್ಬಿ. ನಾನು ನೋಡ್ಬಿಟ್ಟೆ. ಎಲ್ರಿಗೂ ಖುಷಿನಾ?”

ಡೆಸ್ಮಂಡರಿಗೆ ಬಹಳ ಖುಷಿಯಾಯಿತು. “ನೋಡಿದ್ಯಾ, ಒಳಗೆ ಇತ್ತು, ಹೊರಗೆ ಬರ್ಬೇಕಿತ್ತು!” ಎಂದರು. ಅವಳ ಕತೆಯನ್ನು ಪುಸ್ತಕದ ಮೊದಲಿಗೆ ಹಾಕಲು ಹೇಳಿದರು. ಟೈಪ್ ಮಾಡಿದವಳು ನಾನು. ‘ಅಪ್ಪನ ಕೈ ಡಬ್ಬಿಯೊಳಗಿತ್ತು’ ಎಂಬ ಸಾಲನ್ನು ನನ್ನ ಬೆರಳುಗಳೇ ಹೊಡೆದವು. ಒಂದು ಅಕ್ಷರವೂ ತಪ್ಪಲಿಲ್ಲ.

ಗುರುವಾರ ಕಚೇರಿಯಲ್ಲಿ ಪುಸ್ತಕಗಳಿಗೆ ಪಿನ್ನು ಹೊಡೆಯುತ್ತಿದ್ದಾಗ ಅಜ್ಜಿಯ ಫೋನು ಬಂತು. ಇಸ್ಪೀಟು ಮುಗಿಸಿ ಮಾಡುವ ವಾರದ ಫೋನು. ನಮ್ಮ ಮನೆಯಲ್ಲಿ ಅಜ್ಜಿಗೆ ಹಳೆಯ ಫಿನ್ನಿಶ್ ಮಾತಿನಲ್ಲಿ ಮುಮ್ಮೊ ಎನ್ನುತ್ತೇವೆ.

“ಏನೇ, ಮಕ್ಕಳಿಗೆ ಸುಳ್ಳು ಹೇಳೋದು ಕಲಿಸಿ ಆಯ್ತಾ?”

“ಇನ್ನೂ ಒಂದು ದಿನ ಇದೆ, ಮುಮ್ಮೊ.”

“ಏನಾಯ್ತು? ನಿನ್ನ ಉಸಿರು ಸರಿಯಿಲ್ಲ.”

ಪಿನ್ನಿನ ಯಂತ್ರ ಕೆಳಗಿಟ್ಟೆ. “ಮುಮ್ಮೊ, ನಾನು ಓದ್ತಿದ್ದಾಗ ಒಂದು ಕತೆ ಬರ್ದಿದ್ದೆ. ಅದ್ರಲ್ಲಿ ನೀನು...”

“ಮುಳುಗಿ ಸಾಯ್ತೀನಿ. ಓದಿದೀನಿ.”

“ಯಾರು ಕೊಟ್ರು?”

“ಲೈಬ್ರರಿ ಐರಿಸ್. ಊರೆಲ್ಲ ಓದಿದೆ ಕಣೇ. ಚರ್ಚಲ್ಲಿ ಕಾಫಿ ಕುಡೀವಾಗ ಒಬ್ರು ಬಂದು, ‘ಎಲ್ಮಾ, ಚೆನ್ನಾಗಿ ಸತ್ತಿದೀಯ’ ಅಂದ್ರು.”

“ಬೇಜಾರಾಯ್ತಾ?”

“ಸತ್ತಿದ್ದಕ್ಕಾ? ಸಾಯ್ದೆ ಎಲ್ಲಿಗೆ ಹೋಗ್ಲಿ.” ಅಜ್ಜಿಯ ದನಿ ಏರಿತು. “ಆದ್ರೆ ಐಲಿ, ಕಪ್ಪು ಗಡ್ಡೆ ಮೇಲೆ ಸಾಯಿಸ್ಬಿಟ್ಯಲ್ಲೇ! ಕಪ್ಪಗೆ ಕಾಣೋದೇ ಗಟ್ಟಿ. ಬೆಳ್ಳಗೆ, ಬೂದಿ ಬಣ್ಣಕ್ಕೆ ತಿರುಗಿದ್ರೆ ಕಾಲಿಡಬಾರ್ದು. ಆರು ವರ್ಷದವಳಿದ್ದಾಗ್ಲೇ ಹೇಳ್ಕೊಟ್ಟಿದ್ದೆ. ಅರವತ್ತು ಚಳಿಗಾಲ ಆ ನೀರಿನ ಮೇಲೆ ನಡೆದವಳು ನಾನು. ನೀನು ನನ್ನನ್ನ ಚಿಕಾಗೋದಿಂದ ಬಂದ ಟೂರಿಸ್ಟ್ ಥರ ಮಾಡ್ಬಿಟ್ಟೆ. ಸಾಯಿಸು, ಬೇಡ ಅನ್ನಲ್ಲ. ದಡ್ಡಿ ಮಾಡ್ಬೇಡ.”

“ಒಡೀಲೇಬೇಕು ಅಂದ್ರು, ಮುಮ್ಮೊ. ಎಲ್ರೂ ಅಂದ್ರು.”

“ಅವರಲ್ಲಿ ಯಾರಾದ್ರೂ ಅದರ ಮೇಲೆ ನಿಂತಿದ್ರಾ?”

ನಾನು ಪಿನ್ನಿನ ಯಂತ್ರವನ್ನು ಮತ್ತೆ ಕೈಗೆತ್ತಿಕೊಂಡೆ.

“ಸರಿ, ಇಡ್ತೀನಿ. ಒಲೆ ಮೇಲೆ ಕಾಫಿ ಇದೆ,” ಎಂದು ಅವಳು ಫೋನಿಟ್ಟಳು.

ನಾನು ಪಿನ್ನು ಹೊಡೆಯುವುದನ್ನು ಮುಂದುವರಿಸಿದೆ. ಧೈರ್ಯವಂತಳಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಎಂಬತ್ತು ಪುಸ್ತಕವೂ ಮುಗಿಯಿತು. ಆದರೆ ಪ್ರತಿ ಪಿನ್ನಿಗೂ ಒಳಗೊಳಗೇ ಯಾವುದೋ ಒಂದು ಗಟ್ಟಿಯಾಗುತ್ತಾ ಬಂತು. ನನಗೆ ಕೋಪ ಬರುವುದು ಅಪರೂಪ. ಅದಕ್ಕೇ ಅದು ಕೋಪವೆಂದು ತಿಳಿಯಲು ಹೊತ್ತು ಹಿಡಿಯಿತು.

ಶುಕ್ರವಾರ ಎರಡು ಗಂಟೆಗೆ ಓದು. ಹಳೆಯ ದೋಣಿಮನೆಯಲ್ಲಿ ಕುರ್ಚಿ ಹಾಕುತ್ತಿದ್ದೆ. ಬಾಗಿಲಿಗಿದ್ದದ್ದು ಸೊಳ್ಳೆ ಪರದೆಯ ಹಗುರವಾದ ಚೌಕಟ್ಟು, ಒಂದು ಬೆರಳಲ್ಲಿ ತಳ್ಳಿದರೆ ಸಾಕು. ಅದರಾಚೆ ಒಬ್ಬ ಮನುಷ್ಯ ಬಂದು ನಿಂತ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಟೋಪಿ. ಕೈಗಳು ಪಕ್ಕಕ್ಕೆ ಇಳಿದಿದ್ದವು. ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ನಿಂತೇ ಇದ್ದ.

ನನಗೆ ಅವನಾರೆಂದು ತಿಳಿಯಿತು. ಹೋಗಿ ಬಾಗಿಲು ತೆರೆಯಲು ಕಾಲು ಮುಂದಾಯಿತು. ತಡೆದುಕೊಂಡೆ. ಕುರ್ಚಿಯ ಬೆನ್ನು ಹಿಡಿದು ಎಣಿಸಿದೆ. ಟೆಸ್ಸಾ ಅದನ್ನು ಕಟ್ಟಿ ಬರೆದಿರಲಿಲ್ಲ. ಅಷ್ಟೇ ಹೊತ್ತು. ಹನ್ನೊಂದರ ಹತ್ತಿರ ಅವನ ಕೈ ಮೇಲೆದ್ದಿತು, ಬಾಗಿಲು ಕಿರ್ ಎಂದಿತು.

“ಮಿಸ್, ನಾನು ಡ್ವೇಯ್ನ್ ಪೆಲ್ಕಿ. ಟೆಸ್ಸಾ ಅಪ್ಪ. ಎಲ್ಲಿ ಕೂತ್ಕೋಬೇಕು?”

“ಎಲ್ಲಿ ಬೇಕಾದ್ರೂ ಕೂತ್ಕೋಬಹುದು.”

ಅದು ಅವನಿಗೆ ಕಷ್ಟದ ಉತ್ತರವಾಯಿತೇನೋ. ಖಾಲಿ ಸಾಲುಗಳನ್ನೆಲ್ಲ ನೋಡಿ, ಕೊನೆಗೆ ಎರಡನೇ ಸಾಲಿನ ಅಂಚಿನಲ್ಲಿ ಕೂತ. ಕುರ್ಚಿಯ ಮೇಲಿದ್ದ ಪುಸ್ತಕವನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

“ಇದನ್ನ ಮೊದ್ಲೇ ಓದ್ಬಿಡ್ಲಾ ಮಿಸ್, ಇಲ್ಲ ಅವಳ ಬಾಯಲ್ಲೇ ಕೇಳ್ಲಾ?”

“ಅವಳ ಬಾಯಲ್ಲೇ ಕೇಳಿ,” ಎಂದೆ, ತೀರಾ ಅವಸರದಲ್ಲಿ.

“ಅದೇ ಸರಿ.” ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡ. “ಬಾಗಿಲಿನ ಕತೆ ಅಂತ ಹೇಳಿದ್ಲು. ಬಾಗಿಲಲ್ಲಿ ಬರೆಯೋಕೆ ಏನಿರುತ್ತೋ. ಅವಳಿಗೆ ಕಾಣುತ್ತೆ, ನಮಗೆ ಕಾಣಲ್ಲ.” ಆಮೇಲೆ ಟೋಪಿ ಮುಟ್ಟಿಕೊಂಡು ಮೆಲ್ಲಗೆ ಸೇರಿಸಿದ: “ನಿಮ್ಮಜ್ಜಿ ವಿಷಯ ಹೇಳಿದ್ಲು ಮಿಸ್. ಪಾಪ. ಆ ನೀರು ಯಾರನ್ನೂ ಬಿಡಲ್ಲ.”

ಜೈಲಿನಿಂದ ಬಂದ ಆ ಮನುಷ್ಯ ನನ್ನ ಸುಳ್ಳಿಗೆ ಸಂತಾಪ ಹೇಳುತ್ತಿದ್ದ. ಅವನ ತೊಡೆಯ ಮೇಲೆ, ಮೊದಲನೇ ಪುಟದಲ್ಲಿ, ಅವನು ಮಾಡದ ಕಳ್ಳತನ ನಾನು ಹೊಡೆದ ಪಿನ್ನಿನಿಂದ ಬಿಗಿಯಾಗಿತ್ತು.

ದೋಣಿಮನೆ ತುಂಬಿತು. ಮಕ್ಕಳು ಗೋಡೆಯ ಪಕ್ಕ ಸಾಲಾಗಿ ನಿಂತರು, ಟೆಸ್ಸಾ ಮೊದಲು. ಕೈಯಲ್ಲಿ ಪುಸ್ತಕ ಸುರುಳಿಯಾಗಿತ್ತು. ಜಾಕೆಟಿನ ಜೇಬಿನಿಂದ ಹಳದಿ ಕಾಗದದ ಒಂದು ಮೂಲೆ ಇಣುಕುತ್ತಿತ್ತು. ಅವಳ ಮೊದಲ ಪ್ರತಿ ಹಳದಿ ಕಾಗದದಲ್ಲಿತ್ತು. ಅಪ್ಪನ ಕಡೆ ಅವಳು ನೋಡಲೇ ಇಲ್ಲ. ಅಪ್ಪ ಅವಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಡೆಸ್ಮಂಡ್ ಮುಂದೆ ಬಂದರು. “ಓದು ಶುರುವಾಗೋ ಮೊದಲು ನಮ್ಮದೊಂದು ಪದ್ಧತಿ ಇದೆ. ಐಲಿ ಕೊಸ್ಕೆಲಾ ನಮ್ಮ ಹಳೇ ವಿದ್ಯಾರ್ಥಿನಿ. ತನ್ನ ಅಜ್ಜಿ ಸಾವನ್ನ ಕಣ್ಣು ಮುಚ್ಚದೆ ನೋಡಿ ಬರೆದವಳು. ಇವತ್ತು ಮೊದಲು ಓದೋ ಟೆಸ್ಸಾ ಕೂಡ ಅದೇ ಧೈರ್ಯ ತೋರಿಸಿದಾಳೆ. ಒಂದು ನಿಮಿಷ ಮೌನ, ದಯವಿಟ್ಟು.”

ಕುರ್ಚಿಗಳು ಸದ್ದು ಮಾಡಿದವು. ಎಲ್ಲರೂ ಎದ್ದರು. ಡ್ವೇಯ್ನ್ ಪೆಲ್ಕಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ಒಂದು. ಎರಡು.

ನೀರು ಅಟ್ಟಣೆಯ ಕಂಬಗಳಿಗೆ ಬಡಿಯುತ್ತಿತ್ತು. ಮೂರು. ಈ ನಿಮಿಷ ಮುಗಿದರೆ ಎಲ್ಲರೂ ಕೂರುತ್ತಾರೆ, ಹುಡುಗಿ ಓದುತ್ತಾಳೆ. ನಾಲ್ಕು. ನಾನು ಬಾಯಿ ಮುಚ್ಚಿಕೊಂಡಿದ್ದೆನೆಂದು ಇನ್ನೊಬ್ಬಳು ಬಾಯಿ ತೆರೆದು ಸುಳ್ಳು ಓದಬೇಕು. ಐದು. ಆರು. ಕೆಲಸ ಹೋಗಬಹುದು. ಹೋಗಲಿ. ಏಳು. ಡೆಸ್ಮಂಡರ ಗಡ್ಡ ಎದೆಗೆ ತಾಗಿತ್ತು. ಒಳ್ಳೆಯ ಮನುಷ್ಯ, ಆದರೆ ಗಡ್ಡೆಯ ಮೇಲೆ ಒಂದು ದಿನವೂ ನಿಂತವರಲ್ಲ. ಎಂಟು. ಟೆಸ್ಸಾ ತಲೆ ತಗ್ಗಿಸಿರಲಿಲ್ಲ. ಮೊದಲ ದಿನದಂತೆಯೇ ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ತೆರೆದುಕೊಡಲಿಲ್ಲ, ಕರೆಯಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಒಂಬತ್ತು. ಅವಳ ತುಟಿ ಅಲುಗುತ್ತಿತ್ತು. ಅವಳೂ ಎಣಿಸುತ್ತಿದ್ದಳು. ಹತ್ತು.

ಹನ್ನೊಂದು.

“ನಮ್ಮಜ್ಜಿ ಸತ್ತಿಲ್ಲ,” ಎಂದೆ. ದನಿ ನನ್ನದೇ ಎಂದು ನಂಬಲಾಗದಷ್ಟು ಗಟ್ಟಿಯಾಗಿತ್ತು. “ಮಂಜುಗಡ್ಡೆ ಒಡೆಯಲೇ ಇಲ್ಲ. ಎಲ್ಲರೂ ಹೇಳಿದ್ರು ಅಂತ ಹೆದರಿ ಒಡೆದವಳು ನಾನು. ಟೆಸ್ಸಾ, ಜೇಬಲ್ಲಿರೋದನ್ನ ಓದು.”